ಮಳೆ ಪುಸ್ತಕದ ಖಾಲಿ ಸಾಲುಗಳು

ಮೂಡಿಗೆರೆ ತಾಲ್ಲೂಕಿನ ಬಣಕಲ್ ಸುತ್ತಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆಯುವ ಒಂದು ಡಬ್ಬಿಯೂ ಅದರ ಲೆಕ್ಕ ಬರೆದಿಡುವ ಒಂದು ಪುಸ್ತಕವೂ ಇರುವುದು ಸಾಮಾನ್ಯ. ನಮ್ಮ ಮನೆಯ ಪುಸ್ತಕವನ್ನು ನನ್ನ ಮಾವನವರು 1971ರಿಂದ ಬರೆಯುತ್ತಿದ್ದರು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ ಎಂಟೂವರೆಗೆ, ಕೊಡೆ ಹಿಡಿದು ಅಂಗಳಕ್ಕಿಳಿದು, ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆಯುವುದು ಅವರ ಕ್ರಮ. ಒಂದು ಇಂಚಿಗೆ ನೂರು ಸೆಂಟು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದರು. ಅವರು 2018ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ಎಂಟು ತಿಂಗಳು ನಾನು ಬರೆದೆ. 2019ರ ಆಗಸ್ಟ್‌ನಲ್ಲಿ ಬರವಣಿಗೆ ನಿಂತಿದೆ. ಅಲ್ಲಿಂದ ಮುಂದೆ ಸುಮಾರು ಎರಡು ವರ್ಷದ ಪುಟಗಳು ಖಾಲಿ. ನನ್ನ ಬದುಕು ನಿಂತಲ್ಲೇ ನಿಂತಿದ್ದ ಅವಧಿಗೆ ನನ್ನ ಬಳಿ ಇರುವ ದಾಖಲೆ ಆ ಪುಟಗಳೇ.

ಆ ಆಗಸ್ಟ್‌ನ ಮಳೆಯನ್ನು ಮೂಡಿಗೆರೆ ಸೀಮೆಯವರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಜರಿದು ಮನೆ, ಗದ್ದೆ, ತೋಟ ಕೊಚ್ಚಿಹೋದವು. ಚಾರ್ಮಾಡಿ ಘಾಟಿಯ ರಸ್ತೆ ಹಲವೆಡೆ ಕುಸಿಯಿತು. ಅವರ ಪಾಡಿಗೆ ಹೋಲಿಸಿದರೆ ನಮ್ಮ ನಷ್ಟ ಸಣ್ಣದು: ಏಳು ಎಕರೆಯ ತೋಟದಲ್ಲಿ ಮೂವತ್ತೆಂಟು ನೆರಳು ಮರಗಳು ಉರುಳಿದವು, ಹಳ್ಳದ ಬದಿಯ ಮೆಣಸಿನ ಬಳ್ಳಿಗಳು ಸೊರಗು ರೋಗದಿಂದ ಹೋದವು. ಮನೆ ಉಳಿಯಿತು, ಜನ ಉಳಿದರು. ಬಹುಶಃ ಆ ಕಾರಣದಿಂದಲೇ ನನಗೆ ಕುಗ್ಗುವ ಹಕ್ಕಿಲ್ಲ ಎಂದು ನಾನು ತೀರ್ಮಾನಿಸಿಕೊಂಡೆ, ಯಾರ ಬಳಿಯೂ ಬಾಯಿ ಬಿಡಲಿಲ್ಲ. ಯಜಮಾನರು ಹಾಸನದಲ್ಲಿ ನೌಕರಿಯಲ್ಲಿದ್ದು ಶನಿವಾರ ಬಂದು ಸೋಮವಾರ ಮುಂಜಾನೆ ಹೊರಡುತ್ತಿದ್ದರು. ಅವರು ಇದ್ದ ಎರಡು ದಿನ ಎಲ್ಲ ಸರಿಯಿರುವಂತೆ ನಡೆದುಕೊಳ್ಳುವುದು ಕಷ್ಟವೇನಲ್ಲ.

ಹೊರಗಿನಿಂದ ನೋಡಿದವರಿಗೆ ನಾನು ಸುಮ್ಮನೆ ಕೂತವಳಂತೆ ಕಾಣುತ್ತಿರಲಿಲ್ಲ. ಅಡುಗೆ ಆಗುತ್ತಿತ್ತು, ಆಳುಗಳಿಗೆ ವಾರದ ಬಟವಾಡೆ ಆಗುತ್ತಿತ್ತು. ಆದರೆ ನಿರ್ಧಾರ ಬೇಡುವ ಯಾವ ಕೆಲಸವೂ ಮುಂದೆ ಸರಿಯುತ್ತಿರಲಿಲ್ಲ. ನೆರಳು ಮರದ ಕೊಂಬೆ ಕಡಿಯುವ ಮರಗಸಿ ಮುಂದಿನ ವಾರ, ಕಾಫಿ ಗಿಡ ಸವರುವ ಗಿಡಗಸಿ ಹಬ್ಬ ಕಳೆದ ಮೇಲೆ, ಗೊಬ್ಬರ ಹಣ ಬಂದಾಗ. ಬ್ಯಾಂಕಿನಿಂದ ಬಂದ ಎರಡು ಲಕೋಟೆಗಳನ್ನು ಒಡೆಯದೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಬೀರು ತೆರೆದಾಗಲೆಲ್ಲ ಅವು ಅಲ್ಲಿರುವುದು ನೆನಪಾಗಿ, ಬೇಕಾದ ಸೀರೆಯನ್ನೂ ತೆಗೆಯದೆ ಬಾಗಿಲು ಮುಚ್ಚಿದ ದಿನಗಳಿವೆ. ಇದರ ನಡುವೆಯೇ ನಾನು ಯೋಜನೆಗಳನ್ನು ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕು. 2020ರ ಜನವರಿಯಲ್ಲಿ ಒಂದು, 2021ರ ಜನವರಿಯಲ್ಲಿ ಇನ್ನೊಂದು ದಪ್ಪ ಡೈರಿ ತರಿಸಿ, ಐದು ವರ್ಷದ ತೋಟದ ನಕ್ಷೆ, ಹನಿ ನೀರಾವರಿ, ಬೆಣ್ಣೆಹಣ್ಣಿನ ಗಿಡ, ಹೋಂಸ್ಟೇ ಎಂದು ಬಣ್ಣದ ಪೆನ್ನಿನಲ್ಲಿ ಬರೆದೆ. ಎರಡೂ ಡೈರಿಗಳು ಫೆಬ್ರವರಿ ಮುಟ್ಟಲಿಲ್ಲ. ಈಗ ಅವನ್ನು ತಿರುವಿದರೆ ತಿಳಿಯುತ್ತದೆ: ಯೋಜನೆ ಬರೆದ ರಾತ್ರಿ ಕೆಲಸ ಮಾಡಿದಷ್ಟೇ ಸಮಾಧಾನವಾಗುತ್ತಿತ್ತು, ಹಾಗಾಗಿ ಬೆಳಿಗ್ಗೆ ಕೆಲಸದ ಅಗತ್ಯವೇ ಕಾಣುತ್ತಿರಲಿಲ್ಲ.

ತೋಟ ಮಾತ್ರ ನನಗಾಗಿ ಕಾಯಲಿಲ್ಲ. ಅರೇಬಿಕಾ ಜಾತಿಯ ಕಾಫಿಗೆ ಬರುವ ಬಿಳಿ ಕಾಂಡಕೊರಕದ ದುಂಬಿ ಬಿಸಿಲು ಬೀಳುವ ಗಿಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ನೆರಳು ಮರ ಬಿದ್ದ ಜಾಗಗಳಲ್ಲಿ ಬಿಸಿಲು ನೇರವಾಗಿ ಇಳಿದಿತ್ತು. ದುಂಬಿ ಹಾರುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡಗಳನ್ನು ಪತ್ತೆ ಹಚ್ಚಿ ಕಿತ್ತು ಸುಡಬೇಕು. ಬಿಟ್ಟರೆ ಒಂದು ಗಿಡದ ಹುಳು ಮುಂದಿನ ಹಾರಾಟದಲ್ಲಿ ಸುತ್ತಲಿನ ಗಿಡಗಳಿಗೆ ಹರಡುತ್ತದೆ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಗೊತ್ತಿದ್ದೂ ನಾಲ್ಕು ಹಾರಾಟಗಳನ್ನು ಹಾಗೆಯೇ ಕಳೆದೆ.

2021ರ ಜುಲೈನಲ್ಲಿ ಒಂದು ಸಂಜೆ, ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಅಕ್ಕ ಕಂಬಳಿಕೊಪ್ಪೆ ಕಳಚುತ್ತಾ, "ಅಮ್ಮಾವ್ರೆ, ಈ ಸಲ ಮಳೆ ಎಷ್ಟಾಯ್ತು?" ಎಂದು ಕೇಳಿದಳು. ಆಕ್ಷೇಪಣೆಯ ಪ್ರಶ್ನೆಯಾಗಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಎದುರಾದವರೆಲ್ಲ ಕೇಳುವ ಮೊದಲ ಮಾತೇ ಅದು, ಅದಕ್ಕೆ ಉತ್ತರ ನಮ್ಮ ಮನೆಯಲ್ಲಿ ಸಿಗುತ್ತದೆಂದು ಸುತ್ತಿನವರಿಗೆಲ್ಲ ಗೊತ್ತಿತ್ತು. ನಾನು "ಜೋರಾಗಿದೆ" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಆಳುಗಳ ಲೈನ್ ಮನೆಯತ್ತ ಹೊರಟಳು. ಆ ರಾತ್ರಿ ನನಗೆ ನಾಚಿಕೆಯಾಯಿತು. ಬದುಕನ್ನು ಸರಿಪಡಿಸುತ್ತೇನೆಂಬ ಆಸೆ ಆಗಲೂ ಹುಟ್ಟಲಿಲ್ಲ; ನಾಳೆ ಅವಳು ಕೇಳಿದರೆ ಒಂದು ಅಂಕಿ ಹೇಳಬೇಕು ಅನಿಸಿತು, ಅಷ್ಟೆ.

ಮರುದಿನ ಡಬ್ಬಿಯ ಆಲಿಕೆ ತೆಗೆದು ನೋಡಿದರೆ ಕೊಳೆತ ಎಲೆ, ಪಾಚಿ, ಒಂದು ಸಣ್ಣ ಕಪ್ಪೆ. ತೊಳೆದು ಇಟ್ಟೆ. ಅದರ ಮರುದಿನ ಎಂಟೂವರೆಗೆ ಅಳೆದಾಗ 1 ಇಂಚು 40 ಸೆಂಟು ಬಂದಿತು. ಪುಸ್ತಕದಲ್ಲಿ ಬರೆದೆ. ಕೆಲಸ ಮೂರು ನಿಮಿಷದ್ದು. ಆದರೆ ಅದಕ್ಕೆ ಮೂರು ಗುಣಗಳಿದ್ದವೆಂದು ಈಗ ತೋರುತ್ತದೆ: ಅದಕ್ಕೆ ಹೊತ್ತು ನಿಗದಿಯಾಗಿತ್ತು, ಆದ್ದರಿಂದ ಯಾವಾಗ ಮಾಡಲಿ ಎಂಬ ಚರ್ಚೆ ತಲೆಯೊಳಗೆ ನಡೆಯುವಂತಿರಲಿಲ್ಲ, ಅದನ್ನು ಚೆನ್ನಾಗಿ ಮಾಡುವುದು, ಕೆಟ್ಟದಾಗಿ ಮಾಡುವುದು ಎಂಬ ಭೇದವಿರಲಿಲ್ಲ, ಮಳೆಯೇ ಬಾರದ ದಿನವೂ ಒಂದು ಸೊನ್ನೆಯನ್ನು ಬರೆದು ದಿನದ ಲೆಕ್ಕ ಮುಗಿಸಬಹುದಿತ್ತು. ವ್ಯಾಯಾಮ, ಧ್ಯಾನ, ಮುಂಜಾನೆ ಐದಕ್ಕೆ ಏಳುವುದು ಮುಂತಾದವನ್ನು ಹಿತೈಷಿಗಳು ಹೇಳಿದ್ದರು, ಪ್ರಯತ್ನವನ್ನೂ ಮಾಡಿದ್ದೆ. ಅವೆಲ್ಲ ನನ್ನನ್ನು ಬೇರೆ ವ್ಯಕ್ತಿಯನ್ನಾಗಿಸುವ ಕೆಲಸಗಳಾಗಿದ್ದವು. ಒಂದು ದಿನ ತಪ್ಪಿದರೆ ಆ ಬೇರೆ ವ್ಯಕ್ತಿ ನಾನಾಗಲಾರೆನೆಂದು ಖಚಿತವಾಗಿ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

ಹನ್ನೆರಡು ದಿನ ಕಳೆದ ಮೇಲೆ ಒಂದು ಕೆಲಸವನ್ನು ಅದರ ಬಾಲಕ್ಕೆ ಕಟ್ಟಿದೆ. ಅಳತೆ ಬರೆದ ಕೂಡಲೇ ಗೇಟಿನ ಪಕ್ಕದ ಪಟ್ಟೆಯಲ್ಲಿ, ಅಂದರೆ ತೋಟದ ಒಂದು ಎಕರೆಯ ತುಂಡಿನಲ್ಲಿ, ಒಂದೇ ಒಂದು ಸಾಲು ಕಾಫಿ ನಡೆದು ಹಿಂದಿರುಗುವುದು. ತೋಟ ಸುತ್ತುವುದೆಂದು ಹೇಳಿಕೊಂಡಿದ್ದರೆ ಖಂಡಿತ ಹೊರಡುತ್ತಿರಲಿಲ್ಲ. ಆ ಪಟ್ಟೆಯನ್ನು ಆರಿಸಿದ್ದಕ್ಕೂ ಕಾರಣವಿದೆ: ಎಲ್ಲಕ್ಕಿಂತ ಹಾಳಾಗಿದ್ದು ಹಳ್ಳದ ಬದಿ, ಅಲ್ಲಿ ಶುರು ಮಾಡುವುದೇ ನ್ಯಾಯವೆಂದು ಮನಸ್ಸು ಹೇಳುತ್ತಿತ್ತು, ಆದರೆ ಅಲ್ಲಿ ಮಾಡಿದ ಕೆಲಸ ಆರು ತಿಂಗಳಾದರೂ ಕಣ್ಣಿಗೆ ಬೀಳುವಂತಿರಲಿಲ್ಲ. ಗೇಟಿನ ಪಕ್ಕದ್ದು ಹೋಗುತ್ತಾ ಬರುತ್ತಾ ಕಾಣುತ್ತದೆ. ಮಳೆಗಾಲದ ನಡುವೆ ಆಗುವ ಕೆಲಸವೂ ಸಣ್ಣದೇ: ಬೇಡದ ಚಿಗುರು ಮುರಿಯುವುದು, ಗಾಳಿ ಬೆಳಕು ಆಡಲು ಗಿಡದ ನಡು ಬಿಡಿಸುವುದು, ಗಿಡದ ಮೇಲೆ ಬಿದ್ದು ಕೊಳೆಯುವ ತರಗೆಲೆ ತೆಗೆಯುವುದು, ಮಳೆನೀರು ಇಂಗಲೆಂದು ಸಾಲುಗಳ ನಡುವೆ ತೆಗೆದ ತೊಟ್ಟಿಲು ಗುಂಡಿಗಳಲ್ಲಿ ತುಂಬಿದ ಮಣ್ಣು ಬಿಡಿಸುವುದು. ಒಂದು ಸಾಲು ನಡೆಯಲೆಂದು ಹೋದವಳು ಕೆಲವು ದಿನ ಹತ್ತು ಗಿಡದ ಚಿಗುರು ಮುರಿದು ಬರುತ್ತಿದ್ದೆ, ಕೆಲವು ದಿನ ಬರಿದೇ ನಡೆದು ಬರುತ್ತಿದ್ದೆ. ಎರಡನ್ನೂ ಪುಸ್ತಕದ ಅಂಚಿನಲ್ಲಿ ಒಂದೇ ಬಗೆಯ ಗುರುತಿನಿಂದ ದಾಖಲಿಸಿದೆ.

ಸೆಪ್ಟೆಂಬರ್‌ನಲ್ಲಿ ಇಬ್ಬರು ಆಳುಗಳನ್ನು ಜೊತೆಗಿಟ್ಟುಕೊಂಡು ಆ ಒಂದು ಎಕರೆಯಲ್ಲಿ ಕಾಂಡಕೊರಕದ ಗಿಡಗಳನ್ನು ಕೀಳಿಸಿದೆ. ಆರಡಿಗೆ ಆರಡಿ ಅಂತರದ ಹಳೆಯ ತೋಟ, ಎಕರೆಗೆ ಸುಮಾರು ಸಾವಿರದ ಇನ್ನೂರು ಗಿಡ. ಅದರಲ್ಲಿ 212 ಹೋದವು. ಅವುಗಳಲ್ಲಿ ಮಾವನವರು ತಮ್ಮ ಕೈಯಾರೆ ನೆಟ್ಟವೂ ಇದ್ದವು. ಎರಡು ವರ್ಷ ನಾನು ನಿಜವಾಗಿ ತಪ್ಪಿಸಿಕೊಂಡದ್ದು ಈ ಲೆಕ್ಕದಿಂದಲೇ ಎಂದು ಅಂದು ತಿಳಿಯಿತು. ಕಿತ್ತ ಕಾಂಡಗಳನ್ನು ಸೀಳಿ ನೋಡಿದಾಗ ಒಳಗೆಲ್ಲ ಹುಡಿ ತುಂಬಿದ ಸುರಂಗ. ಸುಟ್ಟೆವು. ಆ ರಾತ್ರಿ ಬೀರುವಿನಲ್ಲಿದ್ದ ಲಕೋಟೆಗಳನ್ನೂ ತೆಗೆದೆ. ಉತ್ತರ ಬರೆಯಬೇಕಿಲ್ಲ, ಒಡೆದು ಓದಿದರೆ ಸಾಕೆಂದು ಮೊದಲೇ ನನಗೆ ನಾನು ಮಾತು ಕೊಟ್ಟುಕೊಂಡಿದ್ದೆ. ಬೆಳೆ ಸಾಲದ ನವೀಕರಣದ ಅವಧಿ ಮೀರಿ ಬಡ್ಡಿಯ ರಿಯಾಯಿತಿ ತಪ್ಪಿಹೋಗಿತ್ತು. ನಾನು ಹೆದರಿದ್ದಂತೆ ಜಪ್ತಿಯ ನೋಟಿಸೇನೂ ಆಗಿರಲಿಲ್ಲ, ಆದರೆ ಹೋದ ಹಣವಂತೂ ನಿಜವಾದ ಹಣ. ಭಯಪಟ್ಟದ್ದೆಲ್ಲ ಸುಳ್ಳಾಗುತ್ತದೆಂದು ಸಮಾಧಾನ ಹೇಳುವವರ ಮಾತನ್ನು ನಾನು ಅಂದಿನಿಂದ ಅಷ್ಟಾಗಿ ನಂಬುವುದಿಲ್ಲ. ತಡಮಾಡಿದ್ದಕ್ಕೆ ತೆರಬೇಕಾದದ್ದು ಇರುತ್ತದೆ, ಎಷ್ಟೆಂದು ತಿಳಿದರೆ ತೆರುವ ದಾರಿ ಕಾಣುತ್ತದೆ.

ಇಲ್ಲಿಂದ ಮುಂದೆ ಎಲ್ಲವೂ ನೆಟ್ಟಗೆ ಸಾಗಿತೆಂದು ಬರೆಯಲಾರೆ. ಅದೇ ನವೆಂಬರ್‌ನಲ್ಲಿ, ಅರೇಬಿಕಾ ಹಣ್ಣಾಗುವ ಹೊತ್ತಿಗೆ, ಜಿಲ್ಲೆಯಲ್ಲೆಲ್ಲ ಅಕಾಲ ಮಳೆ ಹಿಡಿಯಿತು. ಗಿಡದಲ್ಲಿದ್ದ ಹಣ್ಣು ಒಡೆದು ಉದುರಿತು, ಕಣದಲ್ಲಿದ್ದದ್ದು ಬೂಸ್ಟು ಹಿಡಿಯಿತು. ನಾನು ಮಲಗಿದವಳು ಒಂಬತ್ತು ದಿನ ಅಂಗಳಕ್ಕೆ ಇಳಿಯಲಿಲ್ಲ. ಈ ಬಾರಿ ಯಜಮಾನರ ಕಣ್ಣಿಗೆ ಬಿತ್ತು, ಮುಚ್ಚಿಡಲು ನನ್ನಲ್ಲೂ ಶಕ್ತಿಯಿರಲಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುತ್ತಾರೆಂದು ಯಾರಿಂದಲೋ ತಿಳಿದು ಕರೆದುಕೊಂಡು ಹೋದರು. ವೈದ್ಯರು ಮೊದಲು ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಕಡಿಮೆಯಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಖಿನ್ನತೆಯಿದೆ, ತೀವ್ರವಾಗಿಲ್ಲ ಎಂದರು. ಮಳೆ ಪುಸ್ತಕದ ವಿಷಯವನ್ನು ಸಂಕೋಚದಿಂದಲೇ ಹೇಳಿದೆ. ಅವರು ನಗಲಿಲ್ಲ. ಮನಸ್ಸು ಬಂದ ಮೇಲೆ ಕೆಲಸವೆಂದು ಕಾಯದೆ, ಗೊತ್ತಾದ ಹೊತ್ತಿಗೆ ಗೊತ್ತಾದ ಸಣ್ಣ ಕೆಲಸ ಮಾಡುತ್ತಾ ಹೋದರೆ ಮನಸ್ಸು ಹಿಂದೆಯೇ ಬರುತ್ತದೆಂಬ ನೆಲೆಯ ಮೇಲೆ ಒಂದು ಚಿಕಿತ್ಸಾ ಕ್ರಮವೇ ಇದೆಯೆಂದೂ, 1970ರ ದಶಕದಿಂದ ಮನಶ್ಶಾಸ್ತ್ರಜ್ಞರು ಅದನ್ನು ಬೆಳೆಸುತ್ತ ಬಂದಿದ್ದಾರೆಂದೂ ವಿವರಿಸಿದರು. ಕುಗ್ಗಿದವರು ಕೆಲಸದಿಂದ, ಜನರಿಂದ ಹಿಂದೆ ಸರಿಯುತ್ತಾರೆ. ಸರಿದಷ್ಟೂ ಸಂತೋಷ ಕೊಡುವ ಸಂದರ್ಭಗಳು ಕಡಿಮೆಯಾಗುತ್ತವೆ. ಕಡಿಮೆಯಾದಷ್ಟೂ ಇನ್ನಷ್ಟು ಕುಗ್ಗುತ್ತಾರೆ. ಈ ಸುತ್ತನ್ನು ಕೆಲಸದ ಕಡೆಯಿಂದ ಮುರಿಯುವುದು ಸುಲಭ ಎಂಬುದು ಅವರ ವಿವರಣೆ. ಜೊತೆಗೆ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು, ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ: ಎರಡು ವಾರಕ್ಕೂ ಮೀರಿ ದಿನವಿಡೀ ಬೇಸರ, ನಿದ್ದೆ ಊಟಗಳ ಏರುಪೇರು ಇದ್ದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ, ಸ್ವಂತ ಉಪಾಯಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಈಗಂತೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ, ನನ್ನ ಕಾಲಕ್ಕೆ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಪುಸ್ತಕ ತೆರೆದರೆ ಒಂಬತ್ತು ಖಾಲಿ ಸಾಲುಗಳು. ಪಕ್ಕದ ತೋಟದ ಗೌಡರ ಮನೆಯಲ್ಲೂ ಅಳತೆಯಿದೆ, ಕೇಳಿ ತುಂಬಿಸಬಹುದಿತ್ತು. ಹಾಗೆ ಯೋಚಿಸುತ್ತಾ ಮಾವನವರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಿದ್ದರೆಂದು ಹಳೆಯ ಪುಸ್ತಕಗಳನ್ನು ತಿರುವಿದೆ, ಏಕೆಂದರೆ ಅವರು ಒಂದು ದಿನವನ್ನೂ ತಪ್ಪಿಸಿದವರಲ್ಲವೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. 1994ರ ಜೂನ್‌ನಲ್ಲಿ ಇಪ್ಪತ್ತಮೂರು ದಿನ ಖಾಲಿ ಇದ್ದವು. ಅತ್ತೆಯವರು ತೀರಿಕೊಂಡ ತಿಂಗಳು. ಇಪ್ಪತ್ತನಾಲ್ಕನೆಯ ದಿನ, ಯಾವ ಟಿಪ್ಪಣಿಯೂ ಇಲ್ಲದೆ, ಅದೇ ಗುಂಡು ಅಕ್ಷರದಲ್ಲಿ 2 ಇಂಚು 15 ಸೆಂಟು ಎಂದಿದೆ. ನಾನು ಗೌಡರ ಮನೆಗೆ ಹೋಗಲಿಲ್ಲ. ಖಾಲಿ ಸಾಲುಗಳನ್ನು ಹಾಗೆಯೇ ಬಿಟ್ಟು ಹತ್ತನೆಯದರಲ್ಲಿ ಅಂದಿನ ಅಂಕಿ ಬರೆದೆ.

ಆ ಮೇಲೆ ವೇಗ ಬಂದದ್ದು ನಿಧಾನವಾಗಿಯೇ. 2022ರ ಜೂನ್‌ನಲ್ಲಿ ಖಾಲಿಯಾದ 212 ಗುಂಡಿಗಳಿಗೆ ಅರೇಬಿಕಾದ ಚಂದ್ರಗಿರಿ ತಳಿಯ ಸಸಿ ನೆಟ್ಟು, ಬಿಸಿಲು ಬೀಳುವ ಕಡೆ ನೆರಳಿಗೆ ಹಾಲುವಾಣದ ಕೊಂಬೆ ಊರಿಸಿದೆ. ಆ ವರ್ಷ ಎರಡು ಪಟ್ಟೆ, ಮುಂದಿನ ವರ್ಷ ಇನ್ನೆರಡು. ಭಾನುವಾರ ಯಜಮಾನರೊಂದಿಗೆ ತೋಟ ನಡೆಯುವುದು ರೂಢಿಯಾಯಿತು, ಅವರಿಗೆ ಕೃಷಿ ಅಷ್ಟಾಗಿ ತಿಳಿಯದು, ಆದರೆ "ಹೋದ ವಾರ ಇದು ಹೀಗಿರಲಿಲ್ಲವಲ್ಲ?" ಎಂದು ಕೇಳುವವರೊಬ್ಬರು ಇರುವುದು ನನಗೆ ಬೇಕಾಗಿತ್ತು. ಕೆಲಸ ಮುಗಿಸುವಾಗ ನಾಳೆಯ ಮೊದಲ ಗಿಡ ಯಾವುದೆಂದು ತಿಳಿಯಲು ಅಲ್ಲೇ ಒಂದು ಬಟ್ಟೆಯ ಚೂರು ಕಟ್ಟಿ ಬರುವ ಅಭ್ಯಾಸವನ್ನೂ ಮಾಡಿಕೊಂಡೆ. ಬೆಳಿಗ್ಗೆ ಎಲ್ಲಿಂದ ಶುರು ಮಾಡಲಿ ಎಂದು ನಿಂತು ಯೋಚಿಸಿದರೆ ನಾನು ಇಂದಿಗೂ ಮನೆಯೊಳಗೆ ಹಿಂದಿರುಗಿಬಿಡುತ್ತೇನೆ.

2025ರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಗೇಟಿನ ಪಕ್ಕದ ಪಟ್ಟೆ ಪೂರ್ತಿ ಬೆಳ್ಳಗಾಯಿತು, ಹೊಸ ಗಿಡಗಳೂ ಸೇರಿ. ಹಳ್ಳದ ಬದಿಯ ಒಂದೂವರೆ ಎಕರೆಯನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ಲಂಟಾನ ಎದೆಯೆತ್ತರ ಬೆಳೆದಿದೆ, ಕಾಡುಕೋಣಗಳು ಅದರೊಳಗೆ ದಾರಿ ಮಾಡಿಕೊಂಡಿವೆ. ಈ ಸೆಪ್ಟೆಂಬರ್‌ನಲ್ಲಿ ಅಲ್ಲಿಯೂ ಒಂದು ಸಾಲು ನಡೆದು ಬರಬೇಕೆಂದುಕೊಂಡಿದ್ದೇನೆ. ಲಂಟಾನದ ನಡುವೆ ಸಾಲು ಎಲ್ಲಿದೆಯೆಂದು ಮೊದಲು ಹುಡುಕಬೇಕು.