ಐಟಿ ಬಿಟ್ಟು ಆರ್ಕಿಟೆಕ್ಟ್ ಆಗಬೇಕೆ? ಮೊದಲು ಅಜ್ಜಿ ಮನೆ ಅಳೆಯಿರಿ

ಏಳು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಮೂವತ್ತರ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಆರ್ಕಿಟೆಕ್ಚರ್ ಓದಿದವನು ನಾನು. ಅಂದಿನಿಂದ ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ, ಇದೇ ದಾರಿ ಹಿಡಿಯಬೇಕೆಂದಿರುವವರಿಂದ ವಾಟ್ಸ್‌ಆ್ಯಪ್‌ಗೆ ಪಿಡಿಎಫ್‌ಗಳು ಬರಲು ಶುರು. ಎಲ್ಲವೂ ಪೋರ್ಟ್‌ಫೋಲಿಯೊ, ಅಂದರೆ ಅರ್ಜಿಯ ಜೊತೆ ಕಳಿಸುವ ಸ್ವಂತ ಕೆಲಸಗಳ ಸಂಗ್ರಹ. ‘ಸರ್, ನನ್ನ ಪೋರ್ಟ್‌ಫೋಲಿಯೊ ಸ್ವಲ್ಪ ನೋಡ್ತೀರಾ?’ ತೆರೆದರೆ ಅದೇ ಗಾಜಿನ ವಿಲ್ಲಾ, ಅದೇ ಈಜುಕೊಳ, ಅದೇ ಸಂಜೆ ಬೆಳಕು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಯಾವ ಡಿಗ್ರಿ ಎಂದು ನೋಡಿಕೊಳ್ಳಿ

ಬೇರೆ ವಿಷಯದ ಡಿಗ್ರಿ ಇಟ್ಟುಕೊಂಡು ನೇರವಾಗಿ ಎಂ.ಆರ್ಕ್ (ಆರ್ಕಿಟೆಕ್ಚರ್‌ನ ಸ್ನಾತಕೋತ್ತರ ಪದವಿ) ಸೇರುವ ಒಳದಾರಿ ಭಾರತದಲ್ಲಿ ಇಲ್ಲ. ಇಲ್ಲಿ ಎಂ.ಆರ್ಕ್ ಸೇರಲು ಬಿ.ಆರ್ಕ್ ಆಗಿರಬೇಕು. ಬಿ.ಇ. ಮುಗಿಸಿದವರೂ ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್ ಅನ್ನು ಮೊದಲಿನಿಂದ ಓದಬೇಕು. ಅದೇನೂ ಕೆಟ್ಟ ದಾರಿಯಲ್ಲ, ಖರ್ಚೂ ಕಡಿಮೆ. ಹದಿನೆಂಟರ ಮಕ್ಕಳು ‘ಅಂಕಲ್’ ಎಂದರೆ ಸಹಿಸಿಕೊಳ್ಳಬೇಕು, ಅಷ್ಟೇ.

ಅಮೆರಿಕದಲ್ಲಿ ಬೇರೆ ವಿಷಯ ಓದಿದವರಿಗೆಂದೇ ಮೂರು, ಮೂರೂವರೆ ವರ್ಷದ ಎಂ.ಆರ್ಕ್ ಇದೆ. ಎಡವುವುದು ಹೆಸರಿನಲ್ಲಿ. ಹಾರ್ವರ್ಡ್‌ನಲ್ಲಿ ಎಂ.ಆರ್ಕ್ 1 ನಮ್ಮಂಥವರಿಗೆ, ಎಂ.ಆರ್ಕ್ 2 ಆಗಲೇ ಬಿ.ಆರ್ಕ್‌ನಂಥ ಡಿಗ್ರಿ ಇರುವವರಿಗೆ. ‘ಎಂ.ಎಸ್. ಇನ್ ಆರ್ಕಿಟೆಕ್ಚರ್’ ಮತ್ತೂ ಬೇರೆ. ಬೇಗ ಮುಗಿಯುತ್ತದೆ, ಆದರೆ ಅದು ಅಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್‌ಗೆ ಬೇಕಾದ ವೃತ್ತಿಪರ ಡಿಗ್ರಿ ಅಲ್ಲ. ನನ್ನ ಗೆಳೆಯನೊಬ್ಬ ಇದನ್ನು ಅರಿತದ್ದು ಫೀಸ್ ಕಟ್ಟಿದ ಮೇಲೆ. ಅಮೆರಿಕದ ಆರ್ಕಿಟೆಕ್ಚರ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ ಎನ್‌ಎಎಬಿ. ನಿಮ್ಮ ಕೋರ್ಸ್‌ಗೆ ಅದರ ಮಾನ್ಯತೆ ಇದೆಯೇ ಎಂದು ಆ ಮಂಡಳಿಯ ಪಟ್ಟಿಯಲ್ಲೇ ನೋಡಿ. ಏಜೆಂಟರ ಬಾಯಿಮಾತು ಬೇಡ.

ಓದಿ ವಾಪಸ್ ಬರುವ ಯೋಚನೆ ಇದೆಯಾ? ನಮ್ಮಲ್ಲಿ ‘ಆರ್ಕಿಟೆಕ್ಟ್’ ಎಂಬ ಹೆಸರು ಹಾಕಿಕೊಳ್ಳಲು 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಹೊರದೇಶದ ಎಂ.ಆರ್ಕ್ ಇದೆ ಎಂದ ಮಾತ್ರಕ್ಕೆ ಅದು ತಾನಾಗಿ ಸಿಗುವುದಿಲ್ಲ. ಅರ್ಜಿ ಹಾಕುವ ಮೊದಲೇ ಕೌನ್ಸಿಲ್‌ಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.

ಹೆಜ್ಜೆ 2: ಕ್ಯಾಲ್ಕುಲಸ್, ಫಿಸಿಕ್ಸ್

ಇವನ್ನು ಓದಿರಬೇಕು ಎಂದು ಹಲವು ಆರ್ಕಿಟೆಕ್ಚರ್ ಶಾಲೆಗಳು ಕೇಳುತ್ತವೆ. ಬಿ.ಇ. ಆದವರು ಮುಂದೆ ಹೋಗಿ. ಬಿ.ಕಾಂ., ಬಿ.ಎ. ಆದವರು ಶಾಲೆಗೆ ಮೇಲ್ ಮಾಡಿ ಕೇಳಿ.

ಹೆಜ್ಜೆ 3: ಪೋರ್ಟ್‌ಫೋಲಿಯೊ

ಇದಕ್ಕೆ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ. ನಿಮಗೆ ಕಟ್ಟಡ ವಿನ್ಯಾಸ ಬರುವುದಿಲ್ಲ ಎಂದು ಆಯ್ಕೆ ಮಾಡುವವರಿಗೆ ಗೊತ್ತು. ಅದನ್ನು ಕಲಿಸಲೆಂದೇ ಅವರು ಮೂರು ವರ್ಷ ಇಟ್ಟಿರುವುದು. ಅವರು ಹುಡುಕುವುದು ಎರಡೇ: ಇವರು ಕಣ್ಣು ಬಿಟ್ಟು ನೋಡುತ್ತಾರಾ, ಕೈಯಿಂದ ಏನಾದರೂ ಮಾಡುತ್ತಾರಾ. ಯೂಟ್ಯೂಬ್ ನೋಡಿ ಹದಿನೈದು ದಿನದಲ್ಲಿ ಕಲಿತ ರೆಂಡರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಮಾಡಿದ ಕಟ್ಟಡದ ಚಿತ್ರ) ಎರಡೂ ಕಾಣುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು? ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯಿಂದ. ನಾನು ಅಳೆದದ್ದು ತೀರ್ಥಹಳ್ಳಿ ಕಡೆಯ ಅಜ್ಜಿ ಮನೆ. ಮೊದಲ ದಿನ ಪೂರ್ತಿ ಹಾಳಾಯಿತು. ಬಟ್ಟೆಯ ಟೇಪ್ ತಂದಿದ್ದೆ, ಎಳೆದಷ್ಟೂ ಹಿಗ್ಗುತ್ತಿತ್ತು. ಸ್ಟೀಲ್ ಟೇಪ್ ತನ್ನಿ, ಇನ್ನೊಂದು ತುದಿ ಹಿಡಿಯಲು ಒಬ್ಬರನ್ನು ಕರೆದುಕೊಳ್ಳಿ. ಒಂದೊಂದು ಕೋಣೆ ಅಳೆದು ಕೂಡಿಸಬೇಡಿ, ಸಣ್ಣ ಸಣ್ಣ ತಪ್ಪು ಸೇರಿ ಕೊನೆಗೆ ಅರ್ಧ ಅಡಿ ಆಗುತ್ತದೆ. ಗೋಡೆಯ ಒಂದು ತುದಿಗೆ ಟೇಪ್ ಹಿಡಿದು, ಅದನ್ನು ಎತ್ತದೆ ಬಾಗಿಲು, ಕಿಟಕಿ, ಮೂಲೆ ಎಲ್ಲವನ್ನೂ ಸಾಲಾಗಿ ಓದಿಕೊಳ್ಳಿ. ಪ್ರತಿ ಕೋಣೆಯ ಮೂಲೆಯಿಂದ ಮೂಲೆಗೂ ಅಳೆಯಿರಿ. ಹಳೆ ಮನೆಯ ಕೋಣೆಯ ಮೂಲೆಗಳು ಸರಿಯಾಗಿ ತೊಂಬತ್ತು ಡಿಗ್ರಿ ಇರುವುದೇ ಇಲ್ಲ, ಅದು ಗೊತ್ತಾಗುವುದು ಓರೆ ಅಳತೆಯಲ್ಲೇ. ಗೋಡೆಯ ದಪ್ಪ ಬಾಗಿಲ ಬಳಿ ಸಿಗುತ್ತದೆ.

ಆಮೇಲೆ 1:50ರಲ್ಲಿ, ಅಂದರೆ ನಿಜ ಅಳತೆಯ ಐವತ್ತನೇ ಒಂದು ಪಾಲಿನಲ್ಲಿ, ಪ್ಲ್ಯಾನ್ ಮತ್ತು ಸೆಕ್ಷನ್ ಬರೆಯಿರಿ. ಪ್ಲ್ಯಾನ್ ಎಂದರೆ ಮೇಲಿನಿಂದ ನೋಡಿದಂತೆ ಬರೆದ ಮನೆಯ ನಕ್ಷೆ. ಸೆಕ್ಷನ್ ಎಂದರೆ ಮನೆಯನ್ನು ಹಲಸಿನ ಹಣ್ಣಿನ ಹಾಗೆ ಉದ್ದಕ್ಕೆ ಸೀಳಿ ಒಳಗಿನ ತೊಳೆ ತೋರಿಸುವುದು. ಕತ್ತಿ ಎಲ್ಲಿ ತಾಗಿದೆಯೋ ಆ ಗೋಡೆ, ನೆಲ, ಮಾಡಿನ ಗೆರೆ ದಪ್ಪ, 0.5 ಮಿ.ಮೀ. ಪೆನ್ನಿನದು. ಅದರಾಚೆ ಕಾಣುವ ಬಾಗಿಲು, ಕಂಬ, ಕಪಾಟು ತೆಳು, 0.1. ನನಗೆ ಬರುವ ಪಿಡಿಎಫ್‌ಗಳಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ. ಯಾವುದು ಗೋಡೆ, ಯಾವುದು ಮೇಜು ತಿಳಿಯುವುದೇ ಇಲ್ಲ. ಈ ಒಂದನ್ನು ಸರಿ ಮಾಡಿದರೂ ಅರ್ಧ ಕೆಲಸ ಆದಂತೆ.

ಅಳೆದು ಬರೆಯುವಾಗಲೇ ಪ್ರಶ್ನೆ ಏಳುತ್ತವೆ. ಮಾಡಿನ ಅಂಚು ನನ್ನ ತಲೆಗೆ ತಾಗುವಷ್ಟು ಕೆಳಗೆ ಯಾಕೆ? ಓರೆಯಾಗಿ ಬಡಿಯುವ ಮಳೆ ಜಗಲಿಗೆ ಬರಬಾರದು, ಅದಕ್ಕೆ. ಅಡುಗೆಮನೆಗೆ ಚಿಮಣಿ ಯಾಕಿಲ್ಲ? ಹೊಗೆ ಅಟ್ಟಕ್ಕೇರಿ, ಮರಕ್ಕೆ ಹುಳ ಹಿಡಿಯದಂತೆ ಕಾಯುತ್ತದೆ ಎಂದರು ಅಜ್ಜಿ. ಸೆಕ್ಷನ್‌ನಲ್ಲಿ ಆ ಹೊಗೆಯನ್ನೂ ಪೆನ್ಸಿಲ್‌ನಲ್ಲಿ ತೀಡಿದೆ. ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಿದ್ದು ಆ ಹೊಗೆಯ ಬಗ್ಗೆಯೇ. ನಾನು ಕಷ್ಟಪಟ್ಟು ಮಾಡಿದ್ದ ತ್ರೀಡಿ ಚಿತ್ರದ ಮಾತೇ ಬರಲಿಲ್ಲ.

ಪೋರ್ಟ್‌ಫೋಲಿಯೊಗೆ ಎರಡನೆಯದು ಒಂದು ಮಾಡೆಲ್, ಕೈಯಿಂದ ಮಾಡಿದ ಪುಟ್ಟ ಪ್ರತಿಕೃತಿ. ಥರ್ಮಾಕೋಲ್ ಬೇಡವೇ ಬೇಡ, ಅಂಚು ಉದುರುತ್ತದೆ. ಮೌಂಟ್ ಬೋರ್ಡ್ (ದಪ್ಪ ರಟ್ಟು) ತನ್ನಿ. ಸ್ಟೀಲ್ ಸ್ಕೇಲ್ ಇಟ್ಟು, ಹಗುರವಾಗಿ ಮೂರು ಸಲ ಎಳೆದು ಕತ್ತರಿಸಿ. ಒಂದೇ ಸಲ ಒತ್ತಿದರೆ ಬ್ಲೇಡ್ ಜಾರಿ ಬೆರಳಿಗೇ ಬರುತ್ತದೆ. ಸೂಪರ್ ಗ್ಲೂ ಆಸೆಗೆ ಬೀಳಬೇಡಿ, ಗಾಜಿನ ಬದಲು ಅಕ್ರಿಲಿಕ್ ಹಾಳೆ ಅಂಟಿಸಿದ್ದರೆ ಅದರ ಮೇಲೆ ಬಿಳಿ ಮಂಜು ಕೂರುತ್ತದೆ. ಫೋಟೊವನ್ನು ಬಿಸಿಲು ಬೀಳದ ಕಿಟಕಿ ಪಕ್ಕ, ಬೂದು ಹಾಳೆಯ ಮೇಲಿಟ್ಟು ತೆಗೆಯಿರಿ. ಫ್ಲ್ಯಾಷ್ ಬೇಡ. ಫೋನ್ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಝೂಮ್ ಮಾಡಿ. ಹತ್ತಿರದಿಂದ ತೆಗೆದರೆ ನೆಟ್ಟಗಿರುವ ಗೋಡೆಯೂ ವಾಲಿದಂತೆ ಕಾಣುತ್ತದೆ.

ಮೂರನೆಯದು, ನಿಮ್ಮ ಕೈಗೆ ಏನು ಬರುತ್ತದೋ ಅದು. ಧಾರವಾಡದ ಗೆಳತಿಯೊಬ್ಬಳು ಕಸೂತಿ ಹಾಕುತ್ತಿದ್ದಳು. ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಹೊಲಿಗೆಯಲ್ಲಿ ದಾರ ಹೋಗಿ ವಾಪಸ್ ಬರುವ ದಾರಿಯನ್ನು ಗ್ರಾಫ್ ಹಾಳೆಯ ಮೇಲೆ ಬರೆದು ತೋರಿಸಿದಳು. ಸೀಟು ಸಿಕ್ಕಿತು. ಕೋಡಿಂಗ್ ಪ್ರಾಜೆಕ್ಟ್‌ನ ಸ್ಕ್ರೀನ್‌ಶಾಟ್ ಹಾಕುವ ಮೊದಲು ಇದನ್ನು ನೆನೆಯಿರಿ.

ದುಡ್ಡು ತಗೊಂಡು ಪೋರ್ಟ್‌ಫೋಲಿಯೊ ಮಾಡಿಕೊಡುವವರು ಇದ್ದಾರೆ. ಎಐ ಚಿತ್ರಗಳೂ ಸುಲಭವಾಗಿ ಸಿಗುತ್ತವೆ. ‘ಈ ಗೋಡೆ ಇಲ್ಲಿ ಯಾಕೆ?’ ಎಂಬ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಬರೆಯಿರಿ. ಎಷ್ಟು ಪುಟ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಒಂದೇ ಅಕ್ಷರ ಶೈಲಿ, ಸುತ್ತ ಧಾರಾಳ ಖಾಲಿ ಜಾಗ, ಎಲ್ಲಕ್ಕಿಂತ ಒಳ್ಳೆಯದು ಮೊದಲಿಗೆ. ಹೂಬಳ್ಳಿ ಬಾರ್ಡರ್ ಹಾಕಿದರೆ ನಾನಂತೂ ಮುಂದೆ ಓದುವುದಿಲ್ಲ.

ಹೆಜ್ಜೆ 4: ಪತ್ರಗಳು

ಜಿಆರ್‌ಇ ಪರೀಕ್ಷೆಯನ್ನು ಈಗ ಹಲವು ಶಾಲೆಗಳು ಕೇಳುವುದಿಲ್ಲ. ಶಿಫಾರಸು ಪತ್ರಕ್ಕೆ ನಿಮ್ಮ ಮ್ಯಾನೇಜರ್ ಆಗಬಹುದು, ಪಾಠ ಹೇಳಿದ ಒಬ್ಬರಾದರೂ ಇರಲಿ. ‘ಯಾಕೆ ಆರ್ಕಿಟೆಕ್ಚರ್’ ಎಂಬ ಪ್ರಬಂಧದಲ್ಲಿ ಜಪಾನಿನ ಆರ್ಕಿಟೆಕ್ಟ್ ತಡಾವೊ ಆಂಡೊ ಮೊದಲು ಬಾಕ್ಸರ್ ಆಗಿದ್ದರು ಎಂದು ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಅದರ ಬದಲು ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಯ ಐಐಎಂಗೆ ಅನುಮತಿ ಕೇಳಿ ಹೋಗಿ. ಆರ್ಕಿಟೆಕ್ಟ್ ಬಿ.ವಿ. ದೋಶಿ ವಿನ್ಯಾಸ ಮಾಡಿದ ಆ ಕಲ್ಲಿನ ಓಣಿಗಳಲ್ಲಿ ಬೆಳಕು ಎಲ್ಲಿ ಬೀಳುತ್ತದೆ, ಜನ ಎಲ್ಲಿ ನಿಂತು ಮಾತಾಡುತ್ತಾರೆ ನೋಡಿ, ಅದನ್ನು ಬರೆಯಿರಿ.

ಹೆಜ್ಜೆ 5: ದುಡ್ಡಿನ ಲೆಕ್ಕ

ಇದನ್ನು ಮನೆಯವರ ಜೊತೆ ಕೂತು ಮಾಡಿ. ಹೆಸರಾಂತ ಖಾಸಗಿ ಶಾಲೆಗಳಲ್ಲಿ ಫೀಸ್ ಒಂದೇ ವರ್ಷಕ್ಕೆ 50 ಸಾವಿರ ಡಾಲರ್ ದಾಟುತ್ತದೆ, ಊಟ ವಸತಿ ಬೇರೆ. ಮೂರು ವರ್ಷ ಸಂಬಳ ಇಲ್ಲ. ಓದಿ ಹೊರಬಂದ ಮೇಲೆ ಸಿಗುವುದೂ ಐಟಿಗಿಂತ ಕಡಿಮೆಯೇ. ಕಡಿಮೆ ಫೀಸ್‌ನ ಸರ್ಕಾರಿ ವಿಶ್ವವಿದ್ಯಾಲಯ, ಜೊತೆಗೆ ಅಸಿಸ್ಟೆಂಟ್‌ಶಿಪ್ (ವಿಶ್ವವಿದ್ಯಾಲಯದಲ್ಲೇ ಓದಿನ ಜೊತೆ ಸಂಬಳದ ಕೆಲಸ) ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ, ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಅಮೆರಿಕದ ಲೈಸೆನ್ಸ್‌ಗೆ ಮತ್ತೆ 3,740 ಗಂಟೆಗಳ ಕೆಲಸದ ಅನುಭವ ತೋರಿಸಬೇಕು, ಆರು ಭಾಗದ ಪರೀಕ್ಷೆ ಪಾಸಾಗಬೇಕು. ವೀಸಾ ಲೆಕ್ಕವೂ ಇದರ ಜೊತೆಗೇ ಇರಲಿ.

ಹೆಜ್ಜೆ 6: ಕಳಿಸುವುದು

ಕೊನೆ ದಿನ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ. ಫೈಲ್ ದೊಡ್ಡದಾಯಿತು ಎಂದು ರಾತ್ರೋರಾತ್ರಿ ಯಾವುದೋ ಪುಕ್ಕಟೆ ಸೈಟ್‌ನಲ್ಲಿ ಪಿಡಿಎಫ್ ಕುಗ್ಗಿಸುತ್ತಾರೆ. ಅಷ್ಟು ಕಷ್ಟಪಟ್ಟು ಬರೆದ 0.1ರ ಗೆರೆಗಳೆಲ್ಲ ಬೂದು ಧೂಳಾಗಿಬಿಡುತ್ತವೆ. ಕಳಿಸುವ ಮೊದಲು ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದು ಸೆಕ್ಷನ್ ಪುಟವನ್ನು ದೊಡ್ಡದು ಮಾಡಿ ನೋಡಿ. ಮಸುಕಾಗಿದ್ದರೆ ಫೋಟೊಗಳನ್ನಷ್ಟೇ ಕುಗ್ಗಿಸಿ, ಗೆರೆಗಳನ್ನು ಮುಟ್ಟಬೇಡಿ.