ಹೊಸ ಸೂಪರ್‌ವೈಸರ್‌ಗೆ ಮಾತಾಡೂದು ಕಲಿಸಿದ್ದು – ನನ್ನ ಅನುಭವ

ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿಯೊಳಗ (ಲೋಹ ಕರಗಿಸಿ ಎರಕ ಹೊಯ್ಯೋ ಕಾರ್ಖಾನಿ) ಎಚ್‌ಆರ್ ನೋಡ್ಕೋತೀನಿ. ಪ್ರಾಬ್ಲಮ್ ಏನಂದ್ರ, ಚಲೋ ಮೋಲ್ಡರ್ (ಎರಕಕ್ಕ ಮರಳಿನ ಅಚ್ಚು ಮಾಡಾಂವ) ಇದ್ದಾಂವನ್ನ ಸೂಪರ್‌ವೈಸರ್ ಮಾಡಿಬಿಡ್ತಾರ, ಕೆಲಸ ಬರ್ತೈತಿ ಆದ್ರ ಮಂದಿ ಕೂಡ ಮಾತಾಡೂದು ಯಾರೂ ಕಲಿಸಿರಂಗಿಲ್ಲ, ನಿನ್ನೆ ತನಕ ಜೋಡಿ ಚಾ ಕುಡದಾಂವಗ ಇವತ್ತು ತಪ್ಪು ಹೇಳಬೇಕಂದ್ರ ಒಂದೋ ಬಾಯಿ ಮುಚ್ಕೊಂಡಿರ್ತಾನ ಇಲ್ಲಾ ಎಲ್ಲಾರ ಮುಂದ ಒದರತಾನ.

ಹೊರಗಿಂದ ಟ್ರೇನರ್ ಕರಿಸಿ ಪಿಪಿಟಿ ತೋರಿಸಿದ್ದಾತು, ಊಟ ಚಲೋ ಇತ್ತು ಅಷ್ಟ. ಕೆಲಸಕ್ಕ ಬಂದಿದ್ದು ಹಳೇ ಟಿಡಬ್ಲ್ಯೂಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಪದ್ಧತಿ, 1940ರಿಂದ 45ರ ತನಕ ಯುದ್ಧದ ಟೈಮಿನ್ಯಾಗ ಅಮೆರಿಕಾದ ಫ್ಯಾಕ್ಟರಿ ಸೂಪರ್‌ವೈಸರ್‌ಗೋಳಿಗೆ ಕಲಿಸ್ತಿದ್ದದ್ದು: ಮೊದ್ಲ ಪೂರಾ ವಿಷ್ಯ ತಿಳ್ಕೋ, ತೂಗಿ ನೋಡು, ಕ್ರಮ ತಗೋ, ಆಮ್ಯಾಲ ಏನಾತು ಚೆಕ್ ಮಾಡು. ಇದನ್ನ ಶಿಫ್ಟ್ ಮುಗದ ಮ್ಯಾಲ ಸ್ಟೋರ್ ರೂಮಿನ್ಯಾಗ ಪ್ರಾಕ್ಟೀಸ್ ಮಾಡಿಸಿದ್ವಿ, ನಾನು ಸಿಟ್ಟಿನ ವರ್ಕರ್ ಆಗ್ತಿದ್ದೆ (ಆ ಪಾರ್ಟು ನಂಗ ಭಾಳ ಸೇರತಿತ್ತು).

"ನಿಂಗ ಜವಾಬ್ದಾರಿನ ಇಲ್ಲ" ಅನ್ನೂದು ಬಂದ್. ಅದರ ಬದ್ಲಿ, ಬಾಜೂಕ ಕರದು, "ಕಾಕಾ, ಮುಂಜಾನಿ ಬ್ಯಾಚ್‌ನ್ಯಾಗ ಬ್ಲೋಹೋಲ್ ಬಂದಾವ್ರಿ, ಮರಳಿನ ಮಾಯಿಶ್ಚರ್ ರಜಿಸ್ಟರ್‌ನ್ಯಾಗ ಬರದಿಲ್ಲ, ಏನಾಗಿತ್ರಿ?" ಅಂತ ಕೇಳಿ ಸುಮ್ಮನಿರೂದು. ಆ ಸುಮ್ಮನಿರೂದ ಎಲ್ಲಾಕ್ಕಿಂತ ಕಷ್ಟ ಆತು, ನಮ್ಮ ಮಂದಿಗೆ ಉತ್ತರ ಬರೂದ್ರಾಗ ಇನ್ನೊಂದು ಮಾತು ಆಡೇಬಿಡಬೇಕು. ಹಂಗ ಕೇಳಿದಾಗ ಗೊತ್ತಾತು, ಮಾಯಿಶ್ಚರ್ ನೋಡೋ ಟೆಸ್ಟರ್ ಕೆಟ್ಟು ಬಿದ್ದಿತ್ತು, ಕಾಕಾ ಮರಳು ಮುಷ್ಟಿಯಾಗ ಹಿಚುಕಿ ಅಂದಾಜ ಹಾಕ್ತಿದ್ರು, ಹಸಿ ಜಾಸ್ತಿ ಆದ್ರ ಉಗಿ ಎದ್ದು ಎರಕದಾಗ ತೂತು, ಅಂದ್ರ ಬ್ಲೋಹೋಲ್, ಬೀಳೂದ. ಟೆಸ್ಟರ್ ರಿಪೇರಿ ಆತು, ರಿಜೆಕ್ಷನ್ ಇಳೀತು. ಲೇಟಾಗಿ ಬರೋ ಹುಡ್ಗೂರ ಕೇಸ್ ಮಾತ್ರ ಇನ್ನೂ ನಡದೈತಿ.