ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್: ಟೆಕ್ಸಾಸ್‌ನಲ್ಲಿ ನಾನು ಮಾಡುವ ಕೆಲಸ

ಟೆಕ್ಸಾಸ್‌ನ ಒಂದು ಸರ್ಕಾರಿ ಅರ್ಲಿ ಕಾಲೇಜ್ ಹೈಸ್ಕೂಲಿನಲ್ಲಿ ನಾನು ಕೌನ್ಸೆಲರ್. ಒಂಬತ್ತನೇ ಕ್ಲಾಸಿಗೆ ಸೇರಿದವರು ಹನ್ನೆರಡನೇದು ಮುಗಿಸುವ ಹೊತ್ತಿಗೆ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜು) 60 ಕ್ರೆಡಿಟ್‌ವರೆಗೂ, ಅಂದರೆ ಪಾಸಾದ ಕೋರ್ಸುಗಳಿಗೆ ಸಿಗುವ ಅಂಶಗಳನ್ನು, ಗಳಿಸಬಹುದು, ಅಂದರೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಕೈಗೆ ಬಂದ ಹಾಗೆ. ಫೀಸು ಮನೆಯವರ ಮೇಲೆ ಬೀಳುವುದಿಲ್ಲ. ನಮ್ಮಲ್ಲಿ ಬಹಳಷ್ಟು ಮಕ್ಕಳ ಅಪ್ಪ ಅಮ್ಮ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಮನೆಗಳಿಗೆ ಚಾವಣಿ ಹಾಕುತ್ತಾರೆ, ಅಮ್ಮ ಹೋಟೆಲ್ ರೂಮು ಕ್ಲೀನ್ ಮಾಡುತ್ತಾರೆ, ಮನೆಮಾತು ಸ್ಪ್ಯಾನಿಷ್.

ಎಲ್ಲರೂ ಕೇಳುವುದು ಎಷ್ಟು ಕ್ರೆಡಿಟ್ ಆಯ್ತು ಅಂತ. ನನಗೆ ಅದಕ್ಕಿಂತ ದೊಡ್ಡ ತಲೆನೋವು, ಇವು ಮುಂದೆ ಯಾವ ಡಿಗ್ರಿಗೆ ಲೆಕ್ಕಕ್ಕೆ ಬರುತ್ತವೆ ಅನ್ನೋದು. ನಾಲ್ಕು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ 120 ಬೇಕು. 60 ಇದೆ ಅಂದ ಮಾತ್ರಕ್ಕೆ ಅರ್ಧ ಮುಗಿಯಿತು ಅಂತಲ್ಲ. ನರ್ಸಿಂಗ್ ಬೇಕು ಅಂದವಳಿಗೆ ಅನಾಟಮಿ, ಸ್ಟ್ಯಾಟಿಸ್ಟಿಕ್ಸ್ ಕಡೆ ತಿರುಗಿಸುತ್ತೇನೆ. ಇಂಜಿನಿಯರಿಂಗ್ ಅಂದವನು ಕಾಲೇಜ್ ಆಲ್ಜೀಬ್ರಾ ಪಾಸಾದರೂ ಅದು ಡಿಗ್ರಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ, ಅಲ್ಲಿ ಗಣಿತ ಶುರುವಾಗುವುದೇ ಕ್ಯಾಲ್ಕುಲಸ್‌ನಿಂದ. ಹಾಗಾಗಿ ಮೊದಲು ಮುಂದಿನ ಯೂನಿವರ್ಸಿಟಿಯ ಡಿಗ್ರಿ ಪ್ಲಾನ್ ತೆರೆದಿಟ್ಟು, ಅಲ್ಲಿಂದ ಹಿಂದಕ್ಕೆ ಬರುತ್ತೇವೆ. ಇನ್ನೂ ಏನೂ ಗೊತ್ತಿಲ್ಲ ಅನ್ನುವವರೇ ಜಾಸ್ತಿ, ಹದಿನಾಲ್ಕು ವರ್ಷಕ್ಕೆ ಗೊತ್ತಿರಬೇಕು ಅನ್ನೋದೂ ಅನ್ಯಾಯ ಅಲ್ವಾ. ಅವರಿಗೆ 42 ಕ್ರೆಡಿಟ್‌ನ ಕೋರ್, ಅಂದರೆ ಯಾವ ಡಿಗ್ರಿಗಾದರೂ ಬೇಕಾಗುವ ಸಾಮಾನ್ಯ ಕೋರ್ಸುಗಳ ಗುಂಪು. ಅದನ್ನು ಪೂರ್ತಿ ಮುಗಿಸಿದರೆ ಟೆಕ್ಸಾಸ್‌ನ ಬೇರೆ ಯಾವುದೇ ಸರ್ಕಾರಿ ಯೂನಿವರ್ಸಿಟಿ ಇಡಿಯಾಗಿ ಒಪ್ಪಿಕೊಳ್ಳಬೇಕು. ಖಾಸಗಿಯವರಿಗೆ, ಹೊರ ರಾಜ್ಯದವರಿಗೆ ಆ ಕಟ್ಟುಪಾಡು ಇಲ್ಲ.

ಮಕ್ಕಳಿಗೆ ನಾನು ಮೊದಲು ಹೇಳಿಕೊಡುವ ಗುಟ್ಟು ಕೋರ್ಸ್ ನಂಬರ್ ಓದುವುದು. ಇಂಗ್ಲಿಷ್ 1301 ಅಂತಿದ್ದರೆ, ಮೊದಲ 1 ಅಂದರೆ ಮೊದಲ ವರ್ಷದ ಮಟ್ಟ, ಆಮೇಲಿನ 3 ಅಂದರೆ ಮೂರು ಕ್ರೆಡಿಟ್. ಇಷ್ಟು ಗೊತ್ತಾದ ಮೇಲೆ ಕೆಟಲಾಗ್ ನೋಡಿ ಹೆದರುವುದಿಲ್ಲ. ತಾವೇ ಕೂಡಿಕೊಳ್ಳುತ್ತಾರೆ.

ಇಂಗ್ಲಿಷ್, ಗಣಿತದ ಕಾಲೇಜು ಕ್ಲಾಸಿಗೆ ಕೂರಲು ಸಾಮಾನ್ಯವಾಗಿ ಟಿಎಸ್‌ಐ ಅನ್ನುವ, ಕಾಲೇಜು ಮಟ್ಟಕ್ಕೆ ತಯಾರಿದ್ದಾರಾ ಅಂತ ನೋಡುವ ಪರೀಕ್ಷೆ ದಾಟಬೇಕು. ಮತ್ತೆ ಮತ್ತೆ ಬರೆಯಬಹುದು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಷ್ಟ ಬರುವುದು ಬೇರೆ ಕಡೆ. ಒಬ್ಬ ಹುಡುಗಿ ತಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದಳು, ಅಮ್ಮನಿಗೆ ಇಂಗ್ಲಿಷ್ ಬಾರದ ಕಾರಣ ಡಾಕ್ಟರ್ ಹತ್ತಿರ ಮಾತಾಡಲು. ಬಯಾಲಜಿ ಲ್ಯಾಬ್ ತಪ್ಪಿತು. ಅವಳು ಹೈಸ್ಕೂಲ್ ಆಫೀಸಿಗೆ ಚೀಟಿ ಕೊಟ್ಟು ಸುಮ್ಮನಾದಳು. ಕಾಲೇಜಿನಲ್ಲಿ ಆ ಚೀಟಿಗೆ ಬೆಲೆಯಿಲ್ಲ, ಪ್ರೊಫೆಸರ್‌ಗೆ ಅವಳೇ ಬರೆಯಬೇಕು. ನನ್ನ ಟೇಬಲ್ಲಿನಲ್ಲೇ ಕೂತು ಬರೆದಳು. ಮೊದಲು ಒಂದು ಪ್ಯಾರಾ ತುಂಬ ಬರೀ ಸಾರಿ. ಅದನ್ನೆಲ್ಲ ಅಳಿಸಿಸಿದೆ. ಹೆಸರು, ಸೆಕ್ಷನ್ ನಂಬರ್, ಯಾವ ಲ್ಯಾಬ್ ತಪ್ಪಿತು, ಯಾವ ದಿನ ಬಂದು ಮಾಡಬಲ್ಲೆ, ಅಷ್ಟೇ. ಸಂಜೆಗೆ ಉತ್ತರ ಬಂತು, ಗುರುವಾರ ಬಾ ಅಂತ. ಕಾಲೇಜು ಓದಿದ ಅಪ್ಪ ಅಮ್ಮ ಇಂಥದ್ದನ್ನು ಊಟದ ಹೊತ್ತಲ್ಲಿ ಸುಮ್ನೆ ಹೇಳಿಬಿಡುತ್ತಾರೆ. ಇವರಿಗೆ ಯಾರು ಹೇಳಬೇಕು?

ಪೋಷಕರ ಸಭೆಯಲ್ಲಿ ಸ್ಪ್ಯಾನಿಷ್‌ನಲ್ಲೇ ಒಂದು ವಿಷಯ ಒತ್ತಿ ಹೇಳಿಸುತ್ತೇನೆ. ಮಗಳಿಗೆ ಹದಿನೈದೇ ಆಗಿದ್ದರೂ, ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆ ಕಾಯುವ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಹಕ್ಕು ಅವಳದ್ದು. ನೀವು ಕಾಲೇಜಿಗೆ ಫೋನ್ ಮಾಡಿ ಮಾರ್ಕ್ಸ್ ಕೇಳಿದರೆ ಹೇಳದೇ ಇರಬಹುದು, ಅವಮಾನ ಅಂದುಕೊಳ್ಳಬೇಡಿ. ಇನ್ನೊಂದು, ಈ ಗ್ರೇಡುಗಳು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಅಂಕಪಟ್ಟಿ) ಶಾಶ್ವತವಾಗಿ ಉಳಿಯುತ್ತವೆ, ಮುಂದೆ ಹಣಸಹಾಯ ಕೊಡುವಾಗಲೂ ಕಾಲೇಜು ಇವನ್ನು ನೋಡಬಹುದು. ಅದಕ್ಕೇ ಕೋರ್ಸನ್ನು ನಡುವೆಯೇ ಕೈಬಿಡಲು ಇರುವ ಕೊನೆಯ ದಿನಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಳ್ಳುತ್ತೇನೆ. ಎಫ್ (ಫೇಲ್) ಬರುವ ಹಾಗಿದ್ದರೆ ಡಬ್ಲ್ಯೂ (ಕೋರ್ಸ್ ಕೈಬಿಟ್ಟ ಗುರುತು) ತಗೊಂಡು ಹೊರಬರುವುದೇ ವಾಸಿ.

ಇಲ್ಲಿನ ಕನ್ನಡದ ಗೆಳೆಯರು, ಎಪಿನೋ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸು) ಅರ್ಲಿ ಕಾಲೇಜೋ, ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಮನೆಯಲ್ಲಿ ಇಬ್ಬರು ಇಂಜಿನಿಯರ್ ಇದ್ದರೆ ಯಾವುದಾದರೂ ನಡೆಯುತ್ತದೆ, ಬಿಡಿ. ಎಪಿಯಲ್ಲಿ ಕ್ರೆಡಿಟ್ ಮೇ ತಿಂಗಳ ಒಂದು ಪರೀಕ್ಷೆಯ ಮೇಲೆ ನಿಂತಿರುತ್ತದೆ, ಇಲ್ಲಿ ಇಡೀ ಸೆಮಿಸ್ಟರಿನ ಕೆಲಸ. ನಮ್ಮ ಶಾಲೆಯ ಮಕ್ಕಳಿಗೆ ಎರಡನೆಯದೇ ಒಗ್ಗುತ್ತದೆ. ಹತ್ತಿರದಲ್ಲಿ ಅರ್ಲಿ ಕಾಲೇಜ್ ಇಲ್ಲದಿದ್ದರೆ, 2023ರಲ್ಲಿ ಬಂದ ಫಾಸ್ಟ್ ಯೋಜನೆಗೆ ಸೇರಿರುವ ಕಾಲೇಜುಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಡ್ಯುಯಲ್ ಕ್ರೆಡಿಟ್, ಅಂದರೆ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕೋರ್ಸು, ಉಚಿತ.

ಹನ್ನೆರಡನೇ ಕ್ಲಾಸಿನವರಿಗೆ ಎರಡೇ ಮಾತು. 60 ಕ್ರೆಡಿಟ್ ಇದ್ದರೂ ಯೂನಿವರ್ಸಿಟಿಯ ಅರ್ಜಿಯಲ್ಲಿ ಫ್ರೆಶ್‌ಮನ್ (ಮೊದಲ ವರ್ಷಕ್ಕೆ ಸೇರುವವರು) ಅಂತಲೇ ಹಾಕಿ. ಟ್ರಾನ್ಸ್‌ಫರ್ (ಬೇರೆ ಕಾಲೇಜಿನಿಂದ ಬರುವವರು) ಅಂತ ಹಾಕಿದರೆ ಫ್ರೆಶ್‌ಮನ್‌ಗಳಿಗಿರುವ ಸ್ಕಾಲರ್‌ಶಿಪ್ ಕೈತಪ್ಪಬಹುದು. ಮತ್ತೆ, ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್ ಹೋದರೆ ಸಾಲದು, ಕಮ್ಯುನಿಟಿ ಕಾಲೇಜಿನದನ್ನೂ ಅಲ್ಲಿಂದಲೇ ಬೇರೆಯಾಗಿ ಕಳಿಸಬೇಕು, ಕೊನೆಯ ಸೆಮಿಸ್ಟರ್ ಗ್ರೇಡು ಬಂದ ಮೇಲೆ ಇನ್ನೊಮ್ಮೆ.